ಸಹಾಯ ಬೇಕು: ತೀರ್ಥಹಳ್ಳಿ ಕಡೆ ವೀಡ್ ಕಟರ್ ನಂಬಿ ಕೊಡಬಹುದಾದ ರಿಪೇರಿ ಅಂಗಡಿ ಯಾವುದು?

ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮದು ಅಡಿಕೆ ತೋಟ. ಟೂ ಸ್ಟ್ರೋಕ್ ವೀಡ್ ಕಟರ್ ಕೆಟ್ಟು ಮೂರು ವಾರವಾಯಿತು. ತಣ್ಣಗಿದ್ದಾಗ ಸ್ಟಾರ್ಟ್ ಆಗುತ್ತದೆ. ಹತ್ತು ನಿಮಿಷ ಓಡಿ ಬಿಸಿಯಾದರೆ ನಿಂತುಬಿಡುತ್ತದೆ. ಆಮೇಲೆ ಎಷ್ಟು ಹಗ್ಗ ಎಳೆದರೂ ಏಳುವುದಿಲ್ಲ.

ಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಗೆ ಎರಡು ಸಲ ಕೊಟ್ಟೆ. ಮೊದಲು ಕಾರ್ಬುರೇಟರ್ ತೊಳೆದರು, ಆಮೇಲೆ ಹೊಸದನ್ನೇ ಹಾಕಿದರು. ತೊಂದರೆ ಹಾಗೇ ಇದೆ. ಹಳೆಯದನ್ನು ಕೇಳಿದರೆ ಬಿಸಾಕಿದೆವು ಅಂದರು. ತುಂಬಾ ಬೇಜಾರಾಯಿತು. ನಮ್ಮ ವಸ್ತು ಅಲ್ವಾ, ಒಂದು ಮಾತು ಕೇಳಬೇಕಿತ್ತು.

ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ ಸ್ಟ್ರೋಕ್ ಆಯಿಲ್ ಹಾಕುತ್ತೇನೆ, ಅಂದರೆ ಮೆಷಿನ್ ಪುಸ್ತಕದಲ್ಲಿರುವ 50:1 ಲೆಕ್ಕ. ಸ್ಪಾರ್ಕ್ ಪ್ಲಗ್ ಹೊಸದು. ಏರ್ ಫಿಲ್ಟರ್ ತೊಳೆದಿದ್ದೇನೆ. ಟ್ಯಾಂಕಿಗೆ ಗಾಳಿ ಹೋಗಲಿ ಅಂತ ಮುಚ್ಚಳ ಸಡಿಲ ಮಾಡಿದರೂ ನಿಲ್ಲುತ್ತದೆ. ಬಿಸಿಗೆ ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ಕಿಡಿ ಹೊಡೆಯುವಷ್ಟು ಕರೆಂಟ್ ಕೊಡುವ ಭಾಗ) ಕೈಕೊಡುತ್ತಿದೆ ಅಂತ ನನ್ನ ಅನುಮಾನ. ನಿಂತ ತಕ್ಷಣ ಸ್ಪಾರ್ಕ್ ನೋಡಿ ಅಂದರೆ ಅಂಗಡಿಯವರು ಕಿವಿಗೇ ಹಾಕಿಕೊಳ್ಳಲಿಲ್ಲ.

ತೀರ್ಥಹಳ್ಳಿ, ಕೊಪ್ಪ, ಶಿವಮೊಗ್ಗದಲ್ಲಿ ಎದುರಿಗೇ ಬಿಚ್ಚಿ ತೋರಿಸಿ, ಹಳೇ ಪಾರ್ಟ್ ವಾಪಸ್ ಕೊಡುವ ಮೆಕ್ಯಾನಿಕ್ ಇದ್ದರೆ ಹೇಳಿ. ನಿಮಗೆ ಎಷ್ಟು ದಿನ ಹಿಡಿಯಿತು, ಬಿಲ್ ಎಷ್ಟಾಯಿತು ಅಂತಲೂ ತಿಳಿಸಿ. ಕಳೆ ಮೊಣಕಾಲಿಗೆ ಬಂದಿದೆ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ಬರುವಷ್ಟರಲ್ಲಿ ತೋಟದ ದಾರಿ ಸವರಲೇಬೇಕು.