ಫ್ಯಾಮಿಲಿ ಗ್ರೂಪಲ್ಲಿ ದೊಡ್ಡಪ್ಪನ ಸ್ಕ್ಯಾನು

ದೊಡ್ಡಪ್ಪ: (ಫಾರ್ವರ್ಡ್) ಬೇರೆ ಬೇರೆ ಮಷೀನಲ್ಲಿ ತೆಗೆದ ಸ್ಕ್ಯಾನುಗಳನ್ನ ಎಐ ಒಂದೇ ಸೆಕೆಂಡಲ್ಲಿ ಒಂದರ ಮೇಲೊಂದು ಕೂರಿಸುತ್ತೆ!!

ದೊಡ್ಡಪ್ಪ: ನೋಡ್ರಪ್ಪಾ. ನಂಗೆ ಮೊನ್ನೆ ಆ ಆಸ್ಪತ್ರೇಲಿ ಹಳೇ ಎಂಆರ್‌ಐ ನಡಿಯಲ್ಲ ಹೊಸದು ಮಾಡ್ಸಿ ಅಂದ್ರಲ್ಲ, ದುಡ್ಡು ಹೊಡಿಯೋಕಲ್ದೆ ಇನ್ನೇನು

ಪುಟ್ಟಿ: ಅಯ್ಯೋ ದೊಡ್ಡಪ್ಪ, ಹಳೇದು ಹೋದ್ವರ್ಷದ್ದು. ತಲೆಯೊಳಗಿನ ಗಡ್ಡೆ ಈಗ ಎಷ್ಟಿದೆ ಅಂತ ಅದ್ರಲ್ಲಿ ಹೆಂಗೆ ಕಾಣುತ್ತೆ? ಎರಡೂ ಇದ್ರೆ ತಾನೆ ಕೂರಿಸೋದು

ಭಾವ: ಫಾರ್ವರ್ಡು ಪೂರ್ತಿ ಸುಳ್ಳಲ್ಲ ಕಣೇ. ಎಂಐಟಿಯವರ ವಾಕ್ಸೆಲ್‌ಮಾರ್ಫ್ ಅಂತ ಸ್ಕ್ಯಾನು ಕೂರಿಸೋ ಎಐ 2018ರಲ್ಲೇ ಬಂತು, ಮುಂಚೆ ಪ್ರತಿ ಜೋಡಿಗೂ ಕಂಪ್ಯೂಟರು ಹೊಸದಾಗಿ ಗುದ್ದಾಡ್ತಿತ್ತು, ಕೆಲವೊಮ್ಮೆ ಗಂಟೆಗಟ್ಲೆ, ಇದು ಮೊದಲೇ ಕಲ್ತಿರುತ್ತೆ, ಜಿಪಿಯು ಅನ್ನೋ ಜೋರು ಚಿಪ್ಪು ಇದ್ರೆ ಸೆಕೆಂಡೂ ಬೇಡ

ಪುಟ್ಟಿ: ಒಪ್ಕೊಂಡೆ ಭಾವ, ಆದ್ರೆ ಅದು ಕಲ್ತಿದ್ದು ಮೆದುಳಿನ ಎಂಆರ್‌ಐ ಮೇಲೆ. ಬೇರೆ ಥರದ ಸ್ಕ್ಯಾನು ಕೊಟ್ರೆ ತಬ್ಬಿಬ್ಬಾಗುತ್ತೆ. ಸಿಟಿ ಸ್ಕ್ಯಾನಲ್ಲಿ ಮೂಳೆ ಬೆಳ್ಳಗೆ, ಎಂಆರ್‌ಐಲಿ ಅದೇ ಮೂಳೆ ಕಪ್ಪು. ಸಿಟಿಗಾದ್ರೆ ನೀರು 0, ಗಾಳಿ -1000 ಅಂತ ಅಳತೆ ಇದೆ, ಎಂಆರ್‌ಐಗೆ ಅದೂ ಇಲ್ಲ, ಮಷೀನಿನ ಅಯಸ್ಕಾಂತದ ಶಕ್ತಿ 1.5 ಟೆಸ್ಲಾ ಇದ್ರೆ ಒಂಥರಾ 3 ಟೆಸ್ಲಾ ಇದ್ರೆ ಇನ್ನೊಂಥರಾ

ಭಾವ: ಅದಕ್ಕೇ ಸಿಂಥ್‌ಮಾರ್ಫ್ ಬಂತಲ್ಲ, ಸುಮ್ನೆ ಹುಟ್ಟಿಸಿದ ಆಕಾರಗಳಿಗೆ ಬಾಯಿಗ್ಬಂದ ಬಣ್ಣ ಹಚ್ಚಿ ಕಲಿಸ್ತಾರೆ, ಬಣ್ಣ ನೋಡ್ಬೇಡ ಆಕಾರ ನೋಡು ಅಂತ

ಪುಟ್ಟಿ: ಅದು ಜಾಣತನವೇ. ನಂಗೆ ಭಯ ಬೇರೆ. ರಬ್ಬರ್ ಶೀಟ್ ಥರ ಎಳೆದು ಕೂರಿಸೋಕೆ ಬಿಟ್ರೆ ಗಡ್ಡೆ ಬೆಳೆದಿದ್ರೂ ಎಳೆದು ಹಳೇ ಸೈಜಿಗೆ ತಂದುಬಿಡಬಹುದು, ಪರದೆ ಮೇಲೆ ಎರಡೂ ಪಕ್ಕಾ ಮ್ಯಾಚು, ನೋಡ್ದೋರು ಏನೂ ಬದಲಾಗಿಲ್ಲ ಅಂದ್ಕೊಳ್ಳೋದು. ಹೊಟ್ಟೆ ಸ್ಕ್ಯಾನಿಗೆ ಎಳೆದಾಟ ಬೇಕೇ ಬೇಕು, ಉಸಿರಾಡಿದ್ರೆ ಲಿವರ್ರೇ ಜಾಗ ಬಿಡುತ್ತೆ. ದೊಡ್ಡಪ್ಪಂದು ಅದೇ ತಲೆ ಅದೇ ಬುರುಡೆ, ತಿರುಗಿಸಿ ಸರಿಸಿ ಕೂರಿಸಿದ್ರೆ ಸಾಕು

ದೊಡ್ಡಪ್ಪ: ಅಂದ್ರೆ ನನ್ನ ತಲೆಗೆ ಎಐ ಬೇಡ

ಭಾವ: 😂😂

ಪುಟ್ಟಿ: ಹಂಗಲ್ಲ!! ಹಳೇದನ್ನ ಬಿಸಾಕ್ಬೇಡಿ ಅಂದಿದ್ದು. ಹೋಲಿಸೋಕೆ ಅದೇ ಬೇಕು, ಫಿಲಂ ಸಾಲಲ್ಲ ಸಿಡಿ ಬೇಕು. ನಡಿಯಲ್ಲ ಅಂದೋರು ಅದನ್ನ ಕೇಳ್ಬೇಕಿತ್ತು, ಅದು ಅವ್ರ ತಪ್ಪೇ

ದೊಡ್ಡಪ್ಪ: ಹಂಗ್ ಹೇಳು ಮತ್ತೆ. ಲೇ ಸಿಡಿ ಎಲ್ಲಿಟ್ಟಿದೀಯ

ದೊಡ್ಡಮ್ಮ: ಸೀಬೆ ಮರಕ್ಕೆ ಕಟ್ಟಿದೀನಿ, ಗಿಳಿ ಓಡ್ಸೋಕೆ