ಎಲ್3 ದೊಡ್ಡದು ಮಾಡಿದರೂ ಐಪಿಸಿ ಅಲ್ಲಾಡ್ತಿಲ್ಲ, ಯಾಕೆ?

ಪ್ರಶ್ನೆ:
ಎಂ.ಟೆಕ್ ಪ್ರಾಜೆಕ್ಟ್‌ಗೆ ಜೆಮ್5ನಲ್ಲಿ (ಪ್ರೊಸೆಸರ್ ಅನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಸಿಮ್ಯುಲೇಟರ್) ಸ್ಪೆಕ್ 2017ರ ಒಮ್ನೆಟ್‌ಪಿಪಿ ಎಂಬ ಬೆಂಚ್‌ಮಾರ್ಕ್ ಪ್ರೋಗ್ರಾಂ ಓಡಿಸುತ್ತಿದ್ದೇನೆ. ಲ್ಯಾಬ್ ಮೆಷಿನ್‌ನಲ್ಲಿ ಅದರ ಓ3 ಎಂಬ ವಿವರವಾದ ಪ್ರೊಸೆಸರ್ ಮಾಡೆಲ್ ಸೆಕೆಂಡಿಗೆ ಒಂದು ಲಕ್ಷ ಇನ್‌ಸ್ಟ್ರಕ್ಷನ್ ಮುಟ್ಟಿದರೆ ಹೆಚ್ಚು. ಆ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ಇನ್‌ಸ್ಟ್ರಕ್ಷನ್‌ಗೆ 115 ದಿನ ಬೇಕು. ಅದಕ್ಕೇ ಇಡೀ ಪ್ರೋಗ್ರಾಂ ಬದಲು ಅದನ್ನು ಪ್ರತಿನಿಧಿಸುವ ಕೆಲವೇ ತುಂಡುಗಳನ್ನು ಆರಿಸುವ ಸಿಮ್‌ಪಾಯಿಂಟ್ ಬಳಸಿ, 1 ಕೋಟಿ ಇನ್‌ಸ್ಟ್ರಕ್ಷನ್‌ನ ತುಂಡುಗಳನ್ನು ಆರಿಸಿ, ಪ್ರತಿಯೊಂದಕ್ಕೂ ಚೆಕ್‌ಪಾಯಿಂಟ್ (ಅಲ್ಲಿಂದಲೇ ಶುರು ಮಾಡಲು ಉಳಿಸಿಟ್ಟ ಸ್ಥಿತಿ) ತೆಗೆದೆ. ಈಗ ಎಲ್3 (ಪ್ರೊಸೆಸರ್‌ನ ಮೂರನೇ ಹಂತದ ಕ್ಯಾಶ್) ಅನ್ನು 4 ಎಂಬಿಯಿಂದ 8 ಎಂಬಿಗೆ ಏರಿಸಿದರೂ ಐಪಿಸಿ (ಒಂದು ಸೈಕಲ್‌ಗೆ ಮುಗಿಯುವ ಇನ್‌ಸ್ಟ್ರಕ್ಷನ್) ಅಷ್ಟೇ. ಮಿಸ್, ಅಂದ್ರೆ ಬೇಕಾದ ಡೇಟಾ ಎಲ್3ಯಲ್ಲಿ ಸಿಗದ ಸಲ, ಎರಡರಲ್ಲೂ ತುಂಡಿಗೆ 45 ಸಾವಿರದ ಆಸುಪಾಸು. ತುಂಡುಗಳನ್ನು ಆರಿಸಿದ್ದೇ ಸರಿ ಇಲ್ವಾ?

ಉತ್ತರ 1:
ಆಯ್ಕೆಯನ್ನು ಸದ್ಯಕ್ಕೆ ಬಿಡಿ. ನಿಮ್ಮ ಎಲ್3 ತುಂಬಿಯೇ ಇಲ್ಲ. ಜೆಮ್5ನ ಕ್ಲಾಸಿಕ್ ಮೆಮೊರಿಯಲ್ಲಿ ಚೆಕ್‌ಪಾಯಿಂಟ್ ಕ್ಯಾಶ್‌ನಲ್ಲಿರುವುದನ್ನು ಉಳಿಸಿಕೊಳ್ಳುವುದಿಲ್ಲ, ಪ್ರತಿ ತುಂಡೂ ಖಾಲಿ ಕ್ಯಾಶ್‌ನಿಂದ ಶುರು. ಪ್ರತಿ ಮಿಸ್‌ಗೂ ಕ್ಯಾಶ್‌ಗೆ ಒಂದು ಲೈನ್ (ಡೇಟಾದ ಒಂದು ತುಣುಕು) ಬರುತ್ತದೆ. 64 ಬೈಟಿನ ಲೈನ್ ಅಂದ್ರೆ 4 ಎಂಬಿಯಲ್ಲಿ 65,536 ಲೈನ್, 8 ಎಂಬಿಯಲ್ಲಿ 1,31,072. ನಿಮ್ಮಲ್ಲಿ ಬಂದಿದ್ದೇ 45 ಸಾವಿರ. ಜಾಗ ಸಾಲದೆ ಹೊರಗೆ ಹೋಗುವ ಪ್ರಶ್ನೆಯೇ ಬರಲಿಲ್ಲ, ಹಾಗಾಗಿ ದೊಡ್ಡ ಕ್ಯಾಶ್‌ಗೆ ತನ್ನ ಗುಣ ತೋರಿಸಲು ಅವಕಾಶವೇ ಸಿಗಲಿಲ್ಲ. ಸ್ಟ್ಯಾಟ್ಸ್ ಫೈಲ್‌ನಲ್ಲಿ ಎಲ್3ಯ ರೀಪ್ಲೇಸ್‌ಮೆಂಟ್ಸ್ (ಹೊಸ ಲೈನ್‌ಗೆ ಜಾಗ ಮಾಡಲು ಹಳೆಯದನ್ನು ಹೊರಹಾಕಿದ ಸಲ) ಸಾಲು ನೋಡಿ.

ಚೆಕ್‌ಪಾಯಿಂಟ್ ತೆಗೆಯುವಾಗಲೇ ವಾರ್ಮಪ್ (ಅಳೆಯುವ ಮೊದಲು ಕ್ಯಾಶ್ ತುಂಬಲು ಓಡಿಸುವ ಭಾಗ) ಉದ್ದ ಕೊಡಿ. ನಿಮ್ಮ ಮಿಸ್ ವೇಗಕ್ಕೆ 8 ಎಂಬಿ ತುಂಬಲು ಸುಮಾರು 3 ಕೋಟಿ ಇನ್‌ಸ್ಟ್ರಕ್ಷನ್ ಬೇಕು. ನಾನಾದರೆ 10 ಕೋಟಿ ಕೊಡುತ್ತೇನೆ. 2002ರ ಸಿಮ್‌ಪಾಯಿಂಟ್ ಪ್ರಬಂಧದಲ್ಲಿ ತುಂಡೇ 10 ಕೋಟಿ ಇತ್ತು. 2003ರ ಸ್ಮಾರ್ಟ್ಸ್ ಎಂಬ ಇನ್ನೊಂದು ಸ್ಯಾಂಪ್ಲಿಂಗ್ ವಿಧಾನದಲ್ಲಿ ಅಳೆಯುವ ತುಂಡು ಬರೀ ಸಾವಿರ ಇನ್‌ಸ್ಟ್ರಕ್ಷನ್, ಆದರೆ ಮಧ್ಯೆ ಬಿಟ್ಟ ದಾರಿಯುದ್ದಕ್ಕೂ ಕ್ಯಾಶ್, ಬ್ರ್ಯಾಂಚ್ ಪ್ರೆಡಿಕ್ಟರ್ (ಪ್ರೋಗ್ರಾಂ ಮುಂದೆ ಯಾವ ಕವಲಿಗೆ ಹೋಗುತ್ತದೆ ಎಂದು ಊಹಿಸುವ ಭಾಗ) ಎರಡನ್ನೂ ಬೆಚ್ಚಗಿಡುತ್ತಾರೆ. ತುಂಡು ಚಿಕ್ಕದಾದಷ್ಟೂ ವಾರ್ಮಪ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು.

ಉತ್ತರ 2:
ಒಂದು ಮಾತು ಸೇರಿಸ್ತೀನಿ. ತುಂಡುಗಳ ಸರಾಸರಿ ತೆಗೆಯುವಾಗ ಐಪಿಸಿಯನ್ನು ತೂಕದಿಂದ (ಇಡೀ ಪ್ರೋಗ್ರಾಂನಲ್ಲಿ ಆ ತುಂಡು ಪ್ರತಿನಿಧಿಸುವ ಪಾಲು) ಗುಣಿಸಬೇಡಿ, ಸಿಪಿಐಯನ್ನು (ಒಂದು ಇನ್‌ಸ್ಟ್ರಕ್ಷನ್‌ಗೆ ಬೇಕಾದ ಸೈಕಲ್, ಐಪಿಸಿಯ ತಲೆಕೆಳಗು) ಗುಣಿಸಿ. ಸಮ ತೂಕದ ಎರಡು ತುಂಡು, ಐಪಿಸಿ 2 ಮತ್ತು 0.5 ಅಂದುಕೊಳ್ಳಿ. ನೇರ ಸರಾಸರಿ 1.25. ಸಿಪಿಐ ಮೂಲಕ ಹೋದರೆ ನಿಜವಾದ ಐಪಿಸಿ 0.8. ಎಷ್ಟು ವ್ಯತ್ಯಾಸ ನೋಡಿ!

ಪ್ರಶ್ನೆ ಕೇಳಿದವರು:
ನೋಡಿದೆ ಸರ್, ರೀಪ್ಲೇಸ್‌ಮೆಂಟ್ಸ್ ಇಲ್ಲ ಅನ್ನುವಷ್ಟು ಕಡಿಮೆ. ಚೆಕ್‌ಪಾಯಿಂಟ್ ಮತ್ತೆ ತೆಗೀತೀನಿ. ಮುಂದೆ 4 ಥ್ರೆಡ್ ಓಡಿಸಬೇಕು, ಇದೇ ವಿಧಾನ ಸಾಕಾ?

ಉತ್ತರ 1:
ಸಾಲದು. ಲಾಕ್‌ಗಾಗಿ ಕಾಯುತ್ತಾ ಸುಮ್ನೆ ಸುತ್ತುವ ಥ್ರೆಡ್‌ನ ಇನ್‌ಸ್ಟ್ರಕ್ಷನ್‌ಗಳೂ ಎಣಿಕೆಗೆ ಬರುತ್ತವೆ. ಕ್ಯಾಶ್ ಬದಲಾದರೆ ಕಾಯುವ ಹೊತ್ತೂ ಬದಲಾಗುತ್ತದೆ, ಆಗ ತುಂಡಿನ ಗಡಿಯೇ ಜರುಗುತ್ತದೆ. ಲೂಪ್ ಗಡಿಯಲ್ಲಿ ಕತ್ತರಿಸುವ ಲೂಪ್‌ಪಾಯಿಂಟ್ ಇದೆ, 2022ರದ್ದು. ಅದನ್ನು ಓದಿ ಬನ್ನಿ, ಮಾತಾಡೋಣ.