ಗೆದ್ದರೂ ಮಾತು ನಿಂತುಹೋಗುವ ಮನೆ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: "ವಾದಕ್ಕೆ ಕೂತರೆ ನನ್ನನ್ನು ಸೋಲಿಸುವವರಿಲ್ಲ. ಗಂಡ 'ಆಯ್ತು, ನೀನೇ ಸರಿ' ಅಂತ ಎದ್ದು ಹೋಗ್ತಾರೆ. ತಂಗಿ ಈಗೀಗ ಫೋನಲ್ಲಿ ಕ್ಷೇಮ ವಿಚಾರಿಸಿ ಇಟ್ಟುಬಿಡ್ತಾಳೆ. ಸುಳ್ಳು ಹೇಳಿ ಗೆದ್ದವಳಲ್ಲ ನಾನು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಕ್ಕೆ ಎಲ್ಲರೂ ಇಷ್ಟು ದೂರ ಹೋಗಬೇಕೇ? ನಾನು ಸೋಲುವುದನ್ನು ಕಲಿಯಬೇಕೇ?"

ತರ್ಕಶಾಸ್ತ್ರ ಕಲಿಸುವ ಓದುಗರೊಬ್ಬರು:

ಸೋದರಿ, ಸೋಲುವುದನ್ನು ಖಂಡಿತ ಕಲಿಯಬೇಡಿ. ನೀವು ಗೆಲುವು ಅಂದುಕೊಂಡದ್ದು ಗೆಲುವೇ ಹೌದೋ ಅಲ್ಲವೋ, ಅದನ್ನಷ್ಟು ನೋಡೋಣ. ಗೌತಮ ಮಹರ್ಷಿಗಳ ನ್ಯಾಯಶಾಸ್ತ್ರ, ಅಂದರೆ ನಮ್ಮ ಪ್ರಾಚೀನ ತರ್ಕಶಾಸ್ತ್ರ, ಚರ್ಚೆಯಲ್ಲಿ ಮೂರು ಬಗೆ ಹೇಳುತ್ತದೆ. ನಿಜ ಏನೆಂದು ಇಬ್ಬರೂ ಸೇರಿ ಹುಡುಕಿದರೆ ವಾದ. ಗೆಲ್ಲಲೇಬೇಕೆಂದು ಹೊರಟರೆ ಜಲ್ಪ. ತನ್ನದೊಂದು ನಿಲುವೇ ಇಲ್ಲದೆ ಎದುರಿನವರದ್ದನ್ನು ಕೆಡವುತ್ತ ಹೋದರೆ ವಿತಂಡ. ಮನೆಯ ಮಾತು ಶುರುವಾಗುವಾಗ ವಾದವೇ ಆಗಿರುತ್ತದೆ. ಎರಡನೇ ಮಾತಿಗೆ ಜಲ್ಪಕ್ಕಿಳಿದು, ಹಳೆಯ ಕತೆ ಹೊರಗೆ ಬರುವ ಹೊತ್ತಿಗೆ ವಿತಂಡವಾಗಿಬಿಡುತ್ತದೆ.

ಒಂದು ಸಂಜೆಯ ಮಾತು ನೋಡಿ. "ನೀನು ಯಾವಾಗಲೂ ಫೋನ್ ಹಿಡ್ಕೊಂಡೇ ಇರ್ತೀಯ" ಅಂತಾರೆ ಗಂಡ. "ಯಾವಾಗಲೂ ಅಂದ್ರೆ? ನಿನ್ನೆ ಊಟ ಮಾಡುವಾಗ ಹಿಡ್ಕೊಂಡಿದ್ನಾ?" ಅಂತ ಹೆಂಡತಿ. ಹಿಡಿದಿರಲಿಲ್ಲ. ಅವರ ಬಾಯಿ ಕಟ್ಟಿತು, ನೀವು ಗೆದ್ದಿರಿ. ಆದರೆ ಅವರು ಲೆಕ್ಕ ಒಪ್ಪಿಸಲು ಬಂದವರಲ್ಲ, 'ನನ್ನ ಜೊತೆ ಸ್ವಲ್ಪ ಹೊತ್ತು ಕೂತ್ಕೋ' ಅನ್ನುವುದಕ್ಕೆ ಬಂದವರು. ಹೇಳಿದವರ ಇಂಗಿತ ಬಿಟ್ಟು ಬರೀ ಮಾತನ್ನು ಹಿಡಿದು ಸೋಲಿಸುವುದನ್ನು ನಮ್ಮ ತಾರ್ಕಿಕರು ದೋಷದ ಪಟ್ಟಿಗೇ ಸೇರಿಸಿದ್ದಾರೆ.

ಇನ್ನೂ ಸ್ವಾರಸ್ಯದ ಸಂಗತಿಯೊಂದಿದೆ. ವಾದಿ ಸೋತನೆಂದು ತೀರ್ಮಾನಿಸುವ 22 ಸಂದರ್ಭಗಳನ್ನು ಅದೇ ಶಾಸ್ತ್ರ ಪಟ್ಟಿ ಮಾಡಿದೆ. ಅವಕ್ಕೆ ನಿಗ್ರಹಸ್ಥಾನ ಅಂತ ಹೆಸರು. ಅವುಗಳಲ್ಲಿ ಒಂದು ಮತಾನುಜ್ಞಾ. 'ನೀನು ತಪ್ಪು ಮಾಡಿದೆ' ಅಂದಾಗ 'ನೀವು ಮಾಡಲ್ವಾ?' ಅನ್ನುವುದು. ಹಾಗಂದ ಕೂಡಲೇ ತನ್ನ ಮೇಲಿನ ಆರೋಪವನ್ನು ಒಪ್ಪಿಕೊಂಡಂತಾಯಿತು, ಆದ್ದರಿಂದ ಅದು ಸೋಲು. ಮನೆಮನೆಯಲ್ಲೂ ಗೆಲುವಿನ ಅಸ್ತ್ರವೆಂದು ಝಳಪಿಸುವುದು ಇದನ್ನೇ! ಇನ್ನೊಂದು ಅನನುಭಾಷಣ. ಎದುರಿನವರು ಮೂರು ಸಲ ಹೇಳಿ, ಸಭೆಗೆಲ್ಲ ಅರ್ಥವಾದ ಮೇಲೂ ಅದನ್ನು ತಿರುಗಿ ಹೇಳಲಾಗದಿದ್ದರೆ ಅದೂ ಸೋಲು. ನನಗೆ ಆ ಪಟ್ಟಿಯಲ್ಲಿ ತುಂಬ ಹಿಡಿಸಿದ ನಿಯಮ ಇದು. ಮುಂದಿನ ಸಲ ಉತ್ತರ ಕೊಡುವ ಮೊದಲು, "ನೀವು ಹೇಳ್ತಿರೋದು ಹೀಗೆ, ಅಲ್ವಾ?" ಅಂತ ಕೇಳಿ ನೋಡಿ. ಅವರು "ಹೌದು" ಅಂದ ಮೇಲೆ ನಿಮ್ಮ ಮಾತು ಶುರುವಾಗಲಿ. ಪೂರ್ವಪಕ್ಷವನ್ನು, ಅಂದರೆ ಎದುರಿನವರ ನಿಲುವನ್ನು, ಸರಿಯಾಗಿ ಮಂಡಿಸದೆ ತಮ್ಮ ಸಿದ್ಧಾಂತಕ್ಕೆ ಹೋಗಬಾರದೆಂದು ನಮ್ಮ ಪಂಡಿತರು ಹಟ ಹಿಡಿಯುತ್ತಿದ್ದುದೂ ಇದಕ್ಕೇ.

ಮೌನಕ್ಕೆ ಜಾರುವ ಗಂಡನೊಬ್ಬ:

ಅಕ್ಕಾ, ನಿಮ್ಮ ಯಜಮಾನರ ಪರವಾಗಿ ನಾಲ್ಕು ಮಾತು. "ಆಯ್ತು, ನೀನೇ ಸರಿ" ಅನ್ನುವಾಗ ನಾವು ಒಪ್ಪಿರುವುದಿಲ್ಲ. ಎದೆ ಡವಗುಟ್ಟುತ್ತಿರುತ್ತದೆ, ಕಿವಿ ಬಿಸಿಯಾಗಿರುತ್ತದೆ, ಹೇಳಬೇಕಾದ ಮಾತು ನಾಲಿಗೆಗೆ ಬರುವುದಿಲ್ಲ. ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಹೀಗೆ ಗೋಡೆಯಂತಾಗುವವರು ಹೆಚ್ಚಾಗಿ ಗಂಡಸರೇ ಎಂದು ಗುರುತಿಸಿದ್ದಾರೆ. ಹೃದಯ ಬಡಿತ ನಿಮಿಷಕ್ಕೆ 100 ದಾಟಿದ ಮೇಲೆ ಎದುರಿನವರ ಮಾತು ತಲೆಗೆ ಹೋಗುವುದು ಕಷ್ಟ, ಶಾಂತವಾಗಲು ಕನಿಷ್ಠ 20 ನಿಮಿಷವಾದರೂ ಬೇಕು ಅನ್ನುತ್ತಾರೆ ಅವರು. ಎದ್ದು ಹೋದವರ ಹಿಂದೆಯೇ ಇನ್ನೊಂದು ಪಾಯಿಂಟ್ ಹಿಡಿದುಕೊಂಡು ಹೋಗಬೇಡಿ. ಹಾಗೆಂದು ಅವರಿಗೂ ಬಿಡುಗಡೆ ಇಲ್ಲ. "ಅರ್ಧ ಗಂಟೆ ಬಿಟ್ಟು ಮಾತಾಡೋಣ" ಅಂತ ಹೇಳಿಯೇ ಏಳಬೇಕು, ಹೇಳಿದ ಹಾಗೆ ತಿರುಗಿ ಬರಲೂಬೇಕು.

ಇನ್ನೊಬ್ಬ ಓದುಗಿ:

ಮೇಲಿನ ಉತ್ತರಗಳನ್ನು ಒಪ್ಪುತ್ತೇನೆ, ಪೂರ್ತಿ ಅಲ್ಲ. ಇದೇ ಪತ್ರವನ್ನು ಗಂಡಸು ಬರೆದಿದ್ದರೆ 'ಏನು ವಾಕ್ಚಾತುರ್ಯ!' ಅನ್ನುತ್ತಿದ್ದೆವು. ಹೆಂಗಸು ತಾಳ ತಪ್ಪದೆ ನಾಲ್ಕು ಮಾತಾಡಿದರೆ ಬಾಯಿಬಡುಕಿ. ಆಸ್ತಿ, ದುಡಿಮೆ, ಮಕ್ಕಳ ಓದು ಇಂಥ ವಿಷಯಗಳಲ್ಲಿ ನೀವು ಸರಿಯಿದ್ದರೆ ಒಂದಿಂಚೂ ಬಿಡಬೇಡಿ. ಸಂಬಂಧ ಉಳಿಯಲೆಂದು ನ್ಯಾಯ ಬಿಟ್ಟುಕೊಟ್ಟ ಎಷ್ಟೋ ಹೆಂಗಸರಿಗೆ ಕೊನೆಗೆ ಎರಡೂ ಉಳಿಯಲಿಲ್ಲ. ಆದರೆ ಒದ್ದೆ ಟವೆಲ್ ಮಂಚದ ಮೇಲಿತ್ತೋ ಕುರ್ಚಿಯ ಮೇಲಿತ್ತೋ ಅನ್ನುವುದಕ್ಕೆ ಸಾಕ್ಷ್ಯ ಕೂಡಿಸಬೇಡಿ. ಅಷ್ಟು ಒಳ್ಳೆಯ ಬುದ್ಧಿಗೆ ಅದು ತಕ್ಕ ಕೆಲಸವಲ್ಲ.

ಅಕ್ಕನಿರುವ ತಂಗಿ:

ಗಂಡನ ವಿಷಯ ಎಲ್ಲರೂ ಬರೆದರು, ತಂಗಿಯನ್ನು ಯಾರೂ ಕೇಳಲಿಲ್ಲ. ಅಕ್ಕಾ, ಅವಳಿಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಸಿಟ್ಟಿದ್ದರೆ ಫೋನನ್ನೇ ಮಾಡುತ್ತಿರಲಿಲ್ಲ. ಏನು ಹೇಳಿದರೂ ತೀರ್ಪು ಬರುತ್ತದೆ ಅಂತ ಕ್ಷೇಮಸಮಾಚಾರಕ್ಕೇ ನಿಲ್ಲಿಸುತ್ತಾಳೆ. 'ಆಫೀಸಲ್ಲಿ ಹೀಗಾಯ್ತು' ಅಂದಾಗ 'ನೀನು ಹಾಗೆ ಹೇಳಬೇಕಿತ್ತು' ಅನ್ನುವ ಉತ್ತರ ಎಷ್ಟೇ ಸರಿಯಿದ್ದರೂ ಅವಳು ಕೇಳಿರಲೇ ಇಲ್ಲವಲ್ಲ. ಈ ವಾರ ನೀವೇ ಫೋನ್ ಮಾಡಿ. "ಆಮೇಲೇನಾಯ್ತು?" ಅನ್ನಿ. ಅವಳು ಹೇಳಿ ಮುಗಿಸಿದ ಮೇಲೆ, "ನಿಂಗೆ ನನ್ನ ಅಭಿಪ್ರಾಯ ಬೇಕಾ, ಸುಮ್ನೆ ಕೇಳಿಸ್ಕೊಂಡ್ರೆ ಸಾಕಾ?" ಅಂತ ಕೇಳಿ. ಎರಡನೆಯದು ಅಂದರೆ ಬೇಜಾರು ಮಾಡಿಕೊಳ್ಳಬೇಡಿ.